ಬದನೆಕಾಯಿಯ ಮೇಲೆ ಬಿದ್ದ ಅಪವಾದ

ಸಿಂಧನೂರು ಕಡೆಯ ಹಳ್ಳಿಯೊಂದರಿಂದ 19 ವರ್ಷದ ಮಗಳನ್ನು ಕರೆದುಕೊಂಡು ರಾಯಚೂರಿನ ನನ್ನ ಆಹಾರ ಸಲಹೆಯ ಕೊಠಡಿಗೆ ಬಂದ ತಾಯಿಯ ದೂರು ಒಂದೇ: ಹುಡುಗಿ ಊಟ ಬಿಟ್ಟಿದ್ದಾಳೆ. (ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಎರಡು ತಿಂಗಳ ಹಿಂದೆ ಮೂರ್ಛೆ ರೋಗವೆಂದು ತಿಳಿದು ಕಾರ್ಬಮಜೆಪಿನ್ ಮಾತ್ರೆ ಶುರುವಾಗಿತ್ತು. ಅಲ್ಲಿಂದೀಚೆಗೆ ಮನೆಯವರು ಬದನೆಕಾಯಿ, ಶೇಂಗಾ, ಮೊಸರು, ಮೊಟ್ಟೆಗಳನ್ನು ಒಂದೊಂದಾಗಿ ನಿಲ್ಲಿಸಿದ್ದರು. ಹಾಲನ್ನು ಮಾತ್ರ ಅವಳೇ ಬಿಟ್ಟಿದ್ದಳು.

“ಎಣ್ಣೆಗಾಯಿ ಉಂಡ ಮರುದಿನಾನ ಮೈತುಂಬ ಗಂಧಿ ಎದ್ದಾವ್ರಿ ಮೇಡಂ. ಬದನೆಕಾಯಿ ನಂಜಲ್ರೀ?”

ನಂಜಿನ ಮಾತನ್ನು ನಾನು ಅಲ್ಲಗಳೆಯಲಿಲ್ಲ; ಅಲ್ಲಗಳೆದರೆ ಮುಂದಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ, ಮಾತ್ರೆ ನುಂಗಿದ ದಿನಗಳನ್ನೂ ಗಂಧೆ ಎದ್ದ ದಿನಗಳನ್ನೂ ಹುಡುಗಿಯ ಕೈಯಿಂದಲೇ ಗುರುತು ಹಾಕಿಸಿದೆ. ಮಾತ್ರೆ ಶುರುವಾದ 12ನೆಯ ದಿನ ಗಂಧೆ ಎದ್ದಿತ್ತು. ಹೆದರಿದ ಮನೆಯವರು ಬದನೆಕಾಯಿಯ ಜೊತೆಗೆ ಮಾತ್ರೆಯನ್ನೂ ನಿಲ್ಲಿಸಿದ್ದರು. ಗಂಧೆ ಇಳಿದಾಗ ಕೀರ್ತಿಯೆಲ್ಲ ಪಥ್ಯಕ್ಕೆ ಹೋಯಿತು. ಮಾತ್ರೆ ತಪ್ಪಿದ್ದರಿಂದ ಫಿಟ್ಸ್ ಮರಳಿತು, ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತಂದರು, ಮೂರನೆಯ ದಿನಕ್ಕೆ ಮತ್ತೆ ಗಂಧೆ. ಈ ಸಲ ಅಪವಾದ ಶೇಂಗಾ ಹಿಂಡಿಯ ಮೇಲೆ.

ಶೇಂಗಾ ಅಲರ್ಜಿ ಸುಳ್ಳಲ್ಲ. ಆದರೆ ಅದು ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ತುಟಿ ಊದುವುದು, ಮೈ ಕಡಿಯುವುದು, ಉಸಿರು ಕಟ್ಟುವುದು ಹೀಗೆ ತೋರುತ್ತದೆ. ಚಿಕ್ಕಂದಿನಿಂದ ದಿನವೂ ರೊಟ್ಟಿಯೊಡನೆ ಹಿಂಡಿ ಉಂಡ ಇವಳಿಗೆ ಎಂದೂ ಹಾಗಾಗಿರಲಿಲ್ಲ. ಕಾರ್ಬಮಜೆಪಿನ್‌ನಿಂದಾಗುವ ಚರ್ಮದ ಅಲರ್ಜಿಯಾದರೋ ಬಹುಪಾಲು ಮೊದಲ 8 ವಾರಗಳಲ್ಲೇ ಕಾಣಿಸಿಕೊಳ್ಳುತ್ತದೆ, ಎರಡನೆಯ ಸಲ ಇನ್ನೂ ಬೇಗ. ಮುಂದಿನ ಮಾತ್ರೆಗೆ ಮೊದಲು, ಅಂದೇ, ನರರೋಗ ವೈದ್ಯರನ್ನು ಕಾಣುವಂತೆ ಹೇಳಿ ಫೋನನ್ನೂ ಮಾಡಿದೆ. ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಚರ್ಮ ಸುಲಿಯುವುದು ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೆನ್ನದೆ ತುರ್ತು ವಿಭಾಗಕ್ಕೆ ಒಯ್ಯಬೇಕೆಂದು ಒತ್ತಿ ತಿಳಿಸಿದೆ. ವೈದ್ಯರು ಔಷಧಿ ಬದಲಿಸಿದರು. ಹಳೆಯ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದು ಸದಾ ಜೊತೆಗಿಡಲು ಹೇಳಿದ್ದೇನೆ, ಏಕೆಂದರೆ ಫಿನಿಟೋಯಿನ್‌ನಂಥ ಕೆಲವು ಮೂರ್ಛೆ ಮಾತ್ರೆಗಳೂ ಇಂಥವರಿಗೆ ಒಗ್ಗದಿರಬಹುದು.

ಹಾಲಿನ ಕಥೆ ಬೇರೆ. ತಾಯಿ ಮಾತ್ರೆಯನ್ನು ಲಟ್ಟಣಿಗೆಯಿಂದ ಅರೆದು ಹಾಲಿಗೆ ಹಾಕಿ ಕೊಡುತ್ತಿದ್ದರು. ಲೋಟದ ತಳದಲ್ಲಿ ಬಿಳಿ ಪುಡಿ ಅಂಟಿ ಉಳಿಯುತ್ತಿತ್ತೆಂದು ಹುಡುಗಿಯೇ ಹೇಳಿದಳು. ಎಂದರೆ ಪ್ರಮಾಣವೂ ಪೂರ್ತಿ ಸೇರುತ್ತಿರಲಿಲ್ಲ. ನಿಧಾನವಾಗಿ ಕರಗುವ ಮಾತ್ರೆಗಳನ್ನಂತೂ ಅರೆಯಲೇಬಾರದು. ಇನ್ನು ಮುಂದೆ ಅವಳೇ ನೀರಿನೊಡನೆ ನುಂಗಲಿ, ಹಾಲಿಗೂ ಮಾತ್ರೆಗೂ ನಂಟು ಬೇಡ ಎಂದೆ.

ಸೋದರಮಾವನಿಗೆ ಮೊಬೈಲಿನಲ್ಲಿ ಸಿಕ್ಕ ಕೀಟೋ ಪಥ್ಯದ, ಅಂದರೆ ಅನ್ನ-ರೊಟ್ಟಿ ತೀರಾ ಕಡಿಮೆ ಮಾಡಿ ಹೆಚ್ಚಾಗಿ ಕೊಬ್ಬನ್ನೇ ಉಣ್ಣುವ ಕ್ರಮದ, ಪ್ರಸ್ತಾಪವೂ ಬಂತು. 1921ರಿಂದ ಬಳಕೆಯಲ್ಲಿರುವ ಆ ಚಿಕಿತ್ಸೆ ಹೆಚ್ಚಾಗಿ ಮಾತ್ರೆಗೆ ಬಗ್ಗದ ಮೂರ್ಛೆಗೆ, ಅದೂ ವೈದ್ಯರ ಕಣ್ಣೆದುರಿಗೆ. ತುಪ್ಪದ ಡಬ್ಬಿ ಮುಂದಿಟ್ಟುಕೊಂಡು ಮನೆಯಲ್ಲಿ ಮಾಡುವಂಥದ್ದಲ್ಲ. ಶ್ರಾವಣ ಸೋಮವಾರದ ನಿರಾಹಾರ ಉಪವಾಸವನ್ನೂ ಸದ್ಯಕ್ಕೆ ಬೇಡವೆಂದೆ.

ಗಂಧೆ ಪೂರ್ತಿ ಇಳಿದ ಮೇಲೆ, ವೈದ್ಯರ ಒಪ್ಪಿಗೆಯಿಂದ, ಬಿಟ್ಟ ಪದಾರ್ಥಗಳನ್ನು ನಾಲ್ಕು ದಿನಕ್ಕೊಂದರಂತೆ ಊಟಕ್ಕೆ ಮರಳಿಸಿದೆವು, ಬದನೆಕಾಯಿಯಿಂದಲೇ ಮೊದಲು. ನಾಲ್ಕನೆಯ ಭೇಟಿಯಲ್ಲಿ ತಾಯಿಯದು ಒಂದೇ ತಕರಾರು ಉಳಿದಿತ್ತು: “ಹಾಲ ಇನ್ನೂ ಒಲ್ಲೆ ಅಂತಾಳ್ರಿ.” ಮಜ್ಜಿಗೆ ಕುಡಿಯುತ್ತಾಳೆಯೇ ಎಂದು ಕೇಳಿದೆ. ಕುಡಿಯುತ್ತಾಳಂತೆ. ಹಾಗಿದ್ದರೆ ಹಾಲಿನ ಮಾತು ಎತ್ತಬೇಡಿ ಎಂದೆ.