ಆಸ್ಟ್ರೇಲಿಯಾದ ಸೈಟಿನಲ್ಲಿ ಮೊದಲು ತಿಳಿದಿರಬೇಕಾದ ಮಾತುಗಳು

ಆಸ್ಟ್ರೇಲಿಯಾದಲ್ಲಿ ಕಟ್ಟಡದ ಕೆಲಸಕ್ಕೆ ಸೇರುತ್ತಿದ್ದೀರಿ, ಇಂಗ್ಲಿಷ್ ಬಂದರೂ ಅಲ್ಲಿನವರ ಸೈಟ್ ಭಾಷೆ ಅರ್ಥವಾಗುವುದೋ ಇಲ್ಲವೋ ಎಂದು ಕೇಳಿದ್ದೀರಿ. ಆರ್ವೋ ಅಂದರೆ ಮಧ್ಯಾಹ್ನ, ಸ್ಪಾರ್ಕಿ ಅಂದರೆ ಎಲೆಕ್ಟ್ರಿಷಿಯನ್, ಚಿಪ್ಪಿ ಅಂದರೆ ಬಡಗಿ, ಸ್ಮೋಕೋ ಅಂದರೆ ಟೀ ಬ್ರೇಕು (ಬೀಡಿ ಸಿಗರೇಟು ಸೇದದವರಿಗೂ ಉಂಟು). ಇವೆಲ್ಲ ಕೇಳಿ ಕೇಳಿ ತಾವಾಗಿಯೇ ರೂಢಿಯಾಗುತ್ತವೆ. ಪ್ರಾಣ, ಸಂಬಳ, ರಜೆ, ಈ ಮೂರರ ಮಾತುಗಳನ್ನು ಮಾತ್ರ ಹೋಗುವ ಮೊದಲೇ ಕಲಿತುಕೊಳ್ಳಿ ಎನ್ನುತ್ತೇನೆ.

ಮೊದಲನೆಯದು ಸ್ವಿಮ್ಸ್. ಸೇಫ್ ವರ್ಕ್ ಮೆಥಡ್ ಸ್ಟೇಟ್‌ಮೆಂಟ್ ಎಂಬುದನ್ನು ಬಾಯಲ್ಲಿ ಹಾಗೆ ಮೊಟಕು ಮಾಡಿದ್ದಾರೆ. ಎತ್ತರದಲ್ಲಿ, ಆಳದ ಗುಂಡಿಯಲ್ಲಿ, ಕರೆಂಟ್ ಹರಿಯುವ ತಂತಿಯ ಪಕ್ಕದಲ್ಲಿ ಕೆಲಸ ಹಿಡಿಯುವ ಮೊದಲು ಅಪಾಯ ಏನು, ಅದಕ್ಕೆ ತಡೆ ಏನು ಎಂದು ಬರೆದಿಟ್ಟ ಕಾಗದ ಅದು. ಬೆಳಗಿನ ಅವಸರದಲ್ಲಿ ಎಲ್ಲರೂ ಸಾಲಾಗಿ ಸೈನ್ ಹಾಕುತ್ತಿರುತ್ತಾರೆ. ನೀವು ಓದದೆ ಹಾಕಬೇಡಿ. ಬೀಳದಂತೆ ತಡೆಯುವ ಕಂಬಿ ಕಾಗದದಲ್ಲಿ ಇದೆ ಎಂದಿದ್ದು ಸ್ಥಳದಲ್ಲಿ ಇಲ್ಲದಿದ್ದರೆ ಕೆಲಸ ನಿಲ್ಲಿಸಿ ಸೂಪರ್‌ವೈಸರ್‌ಗೆ ಹೇಳಿ. ಅದು ಉದ್ಧಟತನವಲ್ಲ, ನಿಯಮವೇ ಹಾಗಿದೆ. ಸ್ವಿಚ್ಚಿಗೆ ಇನ್ನೊಬ್ಬರ ಹೆಸರಿನ ಡೇಂಜರ್ ಟ್ಯಾಗ್ ನೇತಾಡುತ್ತಿದ್ದರೆ ಮುಟ್ಟಲೇಬೇಡಿ. ಅದನ್ನು ಕಟ್ಟಿದವರೇ ಬಿಚ್ಚಬೇಕು, ಏಕೆಂದರೆ ಅವರ ಕೈ ಆಗ ಯಂತ್ರದೊಳಗೆ ಇರಬಹುದು.

ಸಂಬಳದಲ್ಲಿ ಎಡವುವುದು "ಸೂಪರ್" ಎಂಬಲ್ಲಿ. ಅದು ಕಂಪನಿ ನಿಮ್ಮ ಹೆಸರಿಗೆ ಕಟ್ಟುವ ನಿವೃತ್ತಿ ನಿಧಿ. 2025ರ ಜುಲೈಯಿಂದ ಸಂಬಳದ ಶೇ. 12. ಹೇಳಿದ ಮೊತ್ತ "ಪ್ಲಸ್ ಸೂಪರ್" ಆದರೆ ಅದು ಸಂಬಳದ ಮೇಲೆ ಬೇರೆ ಬರುತ್ತದೆ, "ಇನ್‌ಕ್ಲೂಡಿಂಗ್ ಸೂಪರ್" ಆದರೆ ಅದರೊಳಗೇ ಕಳೆಯುತ್ತಾರೆ. ಒಪ್ಪುವ ಮೊದಲು ಯಾವುದೆಂದು ಕೇಳಿ. "ಕ್ಯಾಶುಯಲ್" (ಕಾಯಂ ಅಲ್ಲದ ಕೆಲಸ) ಅಂದರೆ ಗಂಟೆಯ ದರಕ್ಕೆ ಸಾಮಾನ್ಯವಾಗಿ ಶೇ. 25 ಹೆಚ್ಚು, ಆದರೆ ಸಂಬಳ ಸಹಿತ ವಾರ್ಷಿಕ ರಜೆಯೂ ಇಲ್ಲ, ಕಾಯಿಲೆ ರಜೆಯೂ ಇಲ್ಲ.

ಆರ್‌ಡಿಒ (ರೋಸ್ಟರ್ಡ್ ಡೇ ಆಫ್, ಸರದಿಯ ರಜಾದಿನ) ಎಂಬುದು ಕಂಪನಿಯ ಔದಾರ್ಯವಲ್ಲ, ನೀವೇ ದುಡಿದು ಕೂಡಿಟ್ಟ ರಜೆ. ವಾರಕ್ಕೆ 38 ಗಂಟೆಯ ಲೆಕ್ಕದಲ್ಲಿ ದಿನಕ್ಕೆ 7 ಗಂಟೆ 36 ನಿಮಿಷ. ನೀವು 8 ಗಂಟೆ ದುಡಿದರೆ ದಿನಾ 24 ನಿಮಿಷ ಉಳಿತಾಯ. 19 ದಿನಕ್ಕೆ ಅದು ಸರಿಯಾಗಿ ಒಂದು ದಿನವಾಗಿ, 20ನೆಯ ದಿನ ರಜೆ ಸಿಗುತ್ತದೆ. ಕೆಲಸ ಬಿಡುವಾಗ ಉಳಿದ ನಿಮಿಷಗಳ ಲೆಕ್ಕ ಕೇಳಿ ಪಡೆಯಿರಿ.

ಜ್ವರ ಬಂದು ಮಲಗಿದರೆ "ಸಿಕ್ಕಿ ತೆಗೆದುಕೊಂಡೆ" ಎನ್ನಬೇಡಿ. ಆರೋಗ್ಯವಾಗಿದ್ದೂ ಸುಳ್ಳು ಹೇಳಿ ಹಾಕುವ ರಜೆಗೇ ಹೆಚ್ಚಾಗಿ "ಸಿಕ್ಕಿ" ಎನ್ನುತ್ತಾರೆ. "ಸಿಕ್ ಲೀವ್" ಎಂದರೆ ಸಾಕು. ಇನ್ನು "ಯೆಹ್, ನಾ" (ಹೌದು, ಇಲ್ಲ) ಎಂದು ಎರಡೂ ಒಟ್ಟಿಗೆ ಬಂದರೆ ಕೊನೆಯದನ್ನು ಉತ್ತರವೆಂದು ಹಿಡಿಯಿರಿ: ಅಂದರೆ "ಇಲ್ಲ". ಕ್ರೇನ್ ಎತ್ತುವಂಥ ಕೆಲಸವಿದ್ದರೆ ಮಾತ್ರ ಊಹೆ ಬೇಡ, ಇನ್ನೊಮ್ಮೆ ಬಿಡಿಸಿ ಕೇಳಿ.