ಮನೆಯಲ್ಲೇ ಎಂಜಿನ್ ಬಿಚ್ಚಿ ಹಳೇ ಮಾರುತಿ 800ಕ್ಕೆ ಹೆಡ್ ಫೇಸಿಂಗ್ ಮಾಡಿಸಿದೆ, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳದ ತಳ ಸ್ವಲ್ಪ ತುರಿಸಿ ಸಮ ಮಾಡಿಸಿದೆ. ದಾವಣಗೆರೆಯ ಬಿಸಿಲಲ್ಲಿ ಏರು ಹತ್ತುವಾಗ ಯಾಕೆ ಕಟಕಟ ಅನ್ನುತ್ತಿದೆ?

ಹೆಡ್ ತುರಿದು ಒಳಗಿನ ಜಾಗ ಕಡಿಮೆಯಾಗಿ ಕಂಪ್ರೆಷನ್, ಅಂದರೆ ಪೆಟ್ರೋಲ್-ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು, ಜಾಸ್ತಿ ಆಗಿದೆ. ಪೆಟ್ರೋಲ್ ಅದನ್ನು ತಡೆದುಕೊಳ್ಳುತ್ತಿಲ್ಲ. ಅದು ನಾಕಿಂಗ್ ಸದ್ದು.

796 ಸಿಸಿಯನ್ನು ಮೂರು ಸಿಲಿಂಡರಿಗೆ ಹಂಚಿದರೆ ತಲಾ 265. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 33 ಸಿಸಿ ಇದ್ದದ್ದು 30 ಆಯಿತು ಅನ್ನಿ. ಕಂಪ್ರೆಷನ್ 9ರಿಂದ ಸುಮಾರು 9.8ಕ್ಕೆ ಏರುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ತುದಿ ಬಿಸಿಯಾಗುತ್ತದೆ, ಅಲ್ವಾ? ಹಾಗೇ, ಒತ್ತಿದಷ್ಟೂ ಪೆಟ್ರೋಲ್-ಗಾಳಿ ಕಾಯುತ್ತದೆ. ಪ್ಲಗ್‌ನ ಬೆಂಕಿ ಮುಟ್ಟುವ ಮೊದಲೇ ಮೂಲೆಯಲ್ಲಿರುವುದು ತಾನಾಗೇ ಹತ್ತಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನದ ಗಾಳಿ ಮೊದಲೇ ಕಾದಿರುತ್ತದೆ. ಬೆಳಿಗ್ಗೆ ಓಡಿಸಿ ನೋಡಿ, ಸದ್ದು ಕಡಿಮೆ ಇರುತ್ತದೆ.

ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಒಂದೆರಡು ಡಿಗ್ರಿ ತಡ ಮಾಡಿ, ಜಾಸ್ತಿ ಆಕ್ಟೇನ್‌ನ, ಅಂದರೆ ಬೇಗ ತಾನಾಗಿ ಹತ್ತಿಕೊಳ್ಳದ ಪೆಟ್ರೋಲ್ ಹಾಕಿ. ಸದ್ದು ನಿಲ್ಲದಿದ್ದರೆ ಹೆಡ್ ಕೆಳಗೆ ಕೂರುವ ಹಾಳೆ, ಅಂದರೆ ಗ್ಯಾಸ್ಕೆಟ್, ದಪ್ಪದ್ದು ಹಾಕಿಸಿ, ಒಳಗಿನ ಜಾಗ ಮತ್ತೆ ಹೆಚ್ಚುತ್ತದೆ. ಆ ಸದ್ದಿನಲ್ಲೇ ಸುಮ್ನೆ ಓಡಿಸಬೇಡಿ, ಪಿಸ್ಟನ್ ತೂತಾಗಬಹುದು.