ಜರವಾರಾ ಲೇಖನ: ಈ ರೂಪದಲ್ಲಿ ತಗೊಳ್ಳೋಕೆ ಆಗಲ್ಲ, ಆದರೆ ಬಿಡಬೇಡಿ

ನಮಸ್ಕಾರ. ಬ್ರೆಜಿಲ್‌ನ ಪುರೂಸ್ ನದಿ ಕಡೆಯ ಜರವಾರಾ ಭಾಷೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ನನಗೆ ತುಂಬಾ ಇಷ್ಟವಾಯಿತು. ಆದರೆ ಲೇಖನ ಒಂದು ತಪ್ಪಿನ ಮೇಲೆ ನಿಂತಿದೆ.

‘ಗಂಡಸು ಹೆಂಗಸನ್ನು ನೋಡಿದ’ ಅನ್ನೋದನ್ನ ಜರವಾರಾದಲ್ಲಿ ಎರಡು ರೀತಿ ಹೇಳಬಹುದು ಅಂತ ಬರೆದಿದ್ದೀರಿ, ಅದು ಸರಿ. ಒಂದರಲ್ಲಿ ಕ್ರಿಯಾಪದದ ಕೊನೆಗೆ ಗಂಡಸಿಗೆ ಹೊಂದುವ ‘ಕ’ ಬರುತ್ತದೆ, ಇನ್ನೊಂದರಲ್ಲಿ ಹೆಂಗಸಿಗೆ ಹೊಂದುವ ‘ಕೆ’ ಬಂದು ಕ್ರಿಯಾಪದದ ಮೊದಲಿಗೆ ‘ಹಿ’ ಸೇರುತ್ತದೆ. ಈ ಎರಡನೆಯದಕ್ಕೆ ನೀವು ‘ಹೆಂಗಸು ಗಂಡಸಿನಿಂದ ನೋಡಲ್ಪಟ್ಟಳು’ ಅಂತ ಅರ್ಥ ಕೊಟ್ಟು, ಇದು ಕರ್ಮಣಿ ಪ್ರಯೋಗ ಅಂದುಬಿಟ್ಟಿರಿ. ಅಲ್ಲ. ಶಾಲೆಯಲ್ಲಿ ಕಲಿತ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ನೆನಪಿದೆ ಅಲ್ವಾ? ಅಲ್ಲಿ ರಾಮ ‘ಇಂದ’ ಹಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಾನೆ, ಅವನನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಜರವಾರಾದಲ್ಲಿ ನೋಡಿದವನು ಎಲ್ಲೂ ಸರಿಯುವುದಿಲ್ಲ. ನೋಡಿದ್ದು ‘ನಾನು’ ಆಗಿದ್ದರೆ, ಆ ‘ನಾನು’ ಅನ್ನುವ ‘ಒ’ ಕ್ರಿಯಾಪದಕ್ಕೆ ಅಂಟಿಕೊಂಡೇ ಇರುತ್ತದೆ.

ಹಾಗಾದರೆ ಎರಡು ರೀತಿ ಯಾಕೆ? ಮಾತು ಯಾರ ಸುತ್ತ ನಡೀತಿದೆ ಅನ್ನೋದೇ ಕಾರಣ. ನೀವು ‘ನೋಡಲ್ಪಟ್ಟ’, ‘ಹೊಡೆಯಲ್ಪಟ್ಟ’ ಅಂತ ಒದ್ದಾಡುವುದೇ ಬೇಡ, ಕನ್ನಡದಲ್ಲೇ ಸುಲಭದ ದಾರಿ ಇದೆ: ‘ಹಂದಿ ಪೊದೆಯಿಂದ ಹೊರಗೆ ಬಂತು, ನೀರಿನ ಕಡೆ ಓಡಿತು, ಅದನ್ನ ಅವನು ಹೊಡೆದ.’ ಕಥೆ ಹಂದಿಯದ್ದು, ಅದಕ್ಕೇ ‘ಅದನ್ನ’ ಮುಂದೆ ಬಂತು. ವ್ಯತ್ಯಾಸ ಇಷ್ಟೇ: ನಮ್ಮ ‘ಹೊಡೆದ’ ಅವನಿಗೇ ಹೊಂದುತ್ತದೆ, ಜರವಾರಾದ ಕ್ರಿಯಾಪದ ಇಂಥ ಕಡೆ ಹಂದಿಗೆ ಹೊಂದಿಕೊಳ್ಳುತ್ತದೆ. ಇದನ್ನು ಓದುಗರಿಗೆ ತೋರಿಸಿದರೆ ಸಾಕು, ಖುಷಿಪಡ್ತಾರೆ.

ಇನ್ನೊಂದು. ‘ನಾನು’, ‘ನೀನು’ ಅಂದಾಗ ಆ ವ್ಯಕ್ತಿ ಗಂಡಸಾದರೂ ಕ್ರಿಯಾಪದಕ್ಕೆ ಸ್ತ್ರೀಲಿಂಗದ ರೂಪವೇ ಬರುತ್ತದೆ, ಅದಕ್ಕೇ ಇದು ಹೆಂಗಸರ ಆಳ್ವಿಕೆಯ ಸಮಾಜ ಅಂತ ನೀವು ಎರಡು ಪುಟ ಬರೆದಿದ್ದೀರಿ. ಆ ಭಾಗ ಪೂರ್ತಿ ತೆಗೆಯಿರಿ. ಆ ಭಾಷೆಯಲ್ಲಿ ಸ್ತ್ರೀಲಿಂಗ ಅನ್ನೋದು ಸುಮ್ನೆ ಬಳಸುವ ಸಾಮಾನ್ಯ ರೂಪ, ಪುಲ್ಲಿಂಗವೇ ವಿಶೇಷ. ವ್ಯಾಕರಣದ ಲಿಂಗದಿಂದ ಮನೆಯ ಯಜಮಾನಿಕೆ ಗೊತ್ತಾಗುವುದಿಲ್ಲ. ಹಾಗೆ ನೋಡಿದರೆ ಕನ್ನಡದಲ್ಲಿ ಮಗುವೂ ‘ಬಂತು’, ಬಸ್ಸೂ ‘ಬಂತು’.

ನಿಮ್ಮ ನಾಲ್ಕನೇ ಪುಟದಲ್ಲಿ ಎರಡೂ ವಾಕ್ಯಗಳನ್ನು ಒಂದರ ಕೆಳಗೆ ಒಂದು ಇಟ್ಟಿದ್ದೀರಲ್ಲ, ಲೇಖನ ಅಲ್ಲಿಂದ ಶುರುವಾಗಲಿ. ಮುಂಚಿನ ಮೂರು ಪುಟದ ಅಮೆಜಾನ್ ಕಾಡಿನ ವರ್ಣನೆ ಜಾಸ್ತಿಯಾಯಿತು. ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ.